ಥಾಯ್ಲೆಂಡಿನ ಶಾಲೆಗೆ ನಾನೇ ಫೋನ್ ಮಾಡಿದೆ

“ಅಲ್ಲಿ ಆರನೇ ಕ್ಲಾಸಿಗೆ ಇಂಗ್ಲಿಷ್ ಯಾವ ಪುಸ್ತಕದಿಂದ ಹೇಳ್ತೀರಿ ಸರ?” ಎಂದು ಕೇಳಿದೆ. ಫೋನಿನ ಆ ಕಡೆಯವರು ಮಾತು ಹಾರಿಸಿದರು...

ಥಾಯ್ಲೆಂಡಿನ ಶಾಲೆಯೊಂದರಲ್ಲಿ ಈಗಾಗಲೇ ಇಂಗ್ಲಿಷ್ ಟೀಚರ್ ಆಗಿರುವ ನಮ್ಮ ಕಡೆಯವರು ಎಂದು, ಹೊರದೇಶದಲ್ಲಿ ಕೆಲಸ ಕೊಡಿಸುವ ಏಜೆಂಟ್ ಕೊಟ್ಟಿದ್ದ ನಂಬರ್ ಅದು. ನನಗೂ ಅದೇ ಶಾಲೆಯಲ್ಲಿ ಕೆಲಸ ಪಕ್ಕಾ ಎಂದಿದ್ದ.

“ಪುಸ್ತಕಾ ಗಿಸ್ತಕಾ ಎಲ್ಲಾ ಬಂದ ಮ್ಯಾಲೆ ಗೊತ್ತಾಗ್ತಾವ್ರಿ. ಮದ್ಲ ಬರ್ರಿ ನೀವು,” ಎಂದು ಆ ಮನುಷ್ಯ ಫೋನ್ ಇಟ್ಟ.

ದಿನಾ ಪಾಠ ಮಾಡುವವರಿಗೆ ತಮ್ಮ ಪುಸ್ತಕದ ಹೆಸರು ಗೊತ್ತಿರುವುದಿಲ್ಲವೇ?

ನಾನು ಅಣ್ಣಿಗೇರಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನನ್ನ ಜೊತೆ ಕಲಿಸುತ್ತಿದ್ದ ವಿದ್ಯಾ ನವಲಗುಂದದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಹೊರದೇಶದಲ್ಲಿ ಕಲಿಸಬೇಕು ಎನ್ನುವುದು ನಮ್ಮಿಬ್ಬರ ಬಹಳ ದಿನಗಳ ಆಸೆ.

ಮೊಬೈಲಿನಲ್ಲಿ ಜಾಹೀರಾತು ನೋಡಿ ಹುಬ್ಬಳ್ಳಿಯ ಈ ಏಜೆಂಟನಲ್ಲಿ ಹೆಸರು ಬರೆಸಿದೆವು. ವೀಸಾ ಮಾಡಿಸಬೇಕೆಂದು ಇಬ್ಬರ ಪಾಸ್‌ಪೋರ್ಟನ್ನೂ ಇಸಿದುಕೊಂಡಿದ್ದ.

ಶಾಲೆಯವರು ಎಂದು ಹೇಳಿಕೊಂಡವರು ವಿಡಿಯೋ ಕಾಲಿನಲ್ಲಿ ಇಂಟರ್‌ವ್ಯೂ ಮಾಡಿದರು. ಹೆಸರು, ಊರು, ಮದುವೆ ಆಗಿದೆಯೇ ಎಂದು ಕೇಳಿದರೇ ಹೊರತು ಪಾಠದ ಬಗ್ಗೆ ಒಂದು ಮಾತಿಲ್ಲ. ಅಣ್ಣಿಗೇರಿಯ ನಮ್ಮ ಸಣ್ಣ ಶಾಲೆಯೇ ನನ್ನನ್ನು ತೆಗೆದುಕೊಳ್ಳುವ ಮುಂಚೆ ಮಕ್ಕಳೆದುರು ನಿಲ್ಲಿಸಿ ಪಾಠ ಮಾಡಿಸಿತ್ತು.

ಆಗಲೇ ಮನಸ್ಸಿಗೆ ಚುಚ್ಚಿತ್ತು. ಆದರೆ ಕೆಲಸ ಸಿಕ್ಕ ಖುಷಿಯಲ್ಲಿ ಯಾರು ಅದನ್ನೆಲ್ಲ ಕೆದಕುತ್ತಾರೆ ಹೇಳಿ...

ಆಮೇಲೆ ಏಜೆಂಟ್ ಇನ್ನೊಂದು ಮಾತು ಹೇಳಿದ. “ಈಗ ಟೂರಿಸ್ಟ್ ವೀಸಾದ ಮ್ಯಾಲೆ ಹೋಗ್ರಿ, ಕೆಲಸದ ವೀಸಾ ಅಲ್ಲೇ ಮಾಡಿಸ್ತಾರ. ಏರ್‌ಪೋರ್ಟ್‌ನ್ಯಾಗ ಯಾರರ ಕೇಳಿದ್ರ ತಿರುಗಾಡಾಕ ಹೊಂಟೇವಿ ಅನ್ರಿ.”

ದುಡಿಯಲು ಹೋಗುವವಳು ಸುಳ್ಳು ಹೇಳಿಕೊಂಡು ಯಾಕೆ ಹೋಗಬೇಕು? ಅಂದೇ ನಿರ್ಧಾರ ಮಾಡಿದೆ. ಎಲ್ಲವನ್ನೂ ಕೇಳಿಯೇ ತೀರುತ್ತೇನೆ, ಕೆಲಸ ಹೋದರೆ ಹೋಗಲಿ.

ಆ ‘ಟೀಚರ್’ ಫೋನ್ ಇಟ್ಟ ಮರುದಿನ ಶಾಲೆಯ ವೆಬ್‌ಸೈಟ್ ಹುಡುಕಿದೆ. ಶಾಲೆ ನಿಜವಾಗಿಯೂ ಇತ್ತು. ಏಜೆಂಟ್ ಕೊಟ್ಟ ನಂಬರ್ ಬಿಟ್ಟು, ವೆಬ್‌ಸೈಟಿನಲ್ಲಿದ್ದ ಆಫೀಸಿನ ನಂಬರಿಗೆ ಫೋನ್ ಮಾಡಿದೆ.

ಒಬ್ಬ ಹೆಂಗಸು ಎತ್ತಿದರು. ಅವರ ಇಂಗ್ಲಿಷ್ ನನಗೆ ತಿಳಿಯದೆ, ನನ್ನದು ಅವರಿಗೆ ತಿಳಿಯದೆ ಸ್ವಲ್ಪ ಒದ್ದಾಡಿದೆವು. ಕೊನೆಗೆ ಅವರು ನಿಧಾನವಾಗಿ ಬಿಡಿಸಿ ಹೇಳಿದರು: ಅವರಲ್ಲಿ ಕೆಲಸ ಖಾಲಿ ಇಲ್ಲ, ಆ ಏಜೆಂಟ್ ಯಾರೆಂದೇ ಗೊತ್ತಿಲ್ಲ. ಟೀಚರ್ ಬೇಕಾದರೆ ವೀಸಾಕ್ಕೆ ಬೇಕಾದ ಕಾಗದಪತ್ರಗಳನ್ನು ಶಾಲೆಯೇ ಕಳಿಸುತ್ತದೆ.

ದಯವಿಟ್ಟು ಬರಬೇಡಿ, ಹೀಗೆ ಬಂದವರನ್ನು ಬೇರೆಲ್ಲೋ ಕರೆದೊಯ್ದು ಬಲವಂತವಾಗಿ ದುಡಿಸುತ್ತಾರೆ ಎಂದರು. ನಿಮ್ಮ ಜೊತೆ ಇನ್ನೂ ಯಾರಾದರೂ ಇದ್ದಾರೆಯೇ ಎಂದೂ ಕೇಳಿದರು.

ಇದ್ದಳು. ವಿದ್ಯಾ ಅಷ್ಟರಲ್ಲಿ ರಾಜೀನಾಮೆ ಕೊಟ್ಟಾಗಿತ್ತು, ತಿಂಗಳ ಕೊನೆಯವರೆಗಷ್ಟೇ ಶಾಲೆಗೆ ಬರುವವಳಿದ್ದಳು. ಅವಳ ತಾಯಿ ಓಣಿಗೆಲ್ಲ ಪೇಡೆ ಹಂಚಿದ್ದರು.

ಸ್ಟಾಫ್ ರೂಮಿನಲ್ಲಿ ಹೇಳಿದಾಗ ನನ್ನ ಮೇಲೆಯೇ ಸಿಟ್ಟಾದಳು. “ಆಸ್ಮಾ, ನಿನಗ ಅಂಜಿಕಿ ಬಂದೈತಿ, ನೀ ಬಿಡು. ನನ್ನ ನಸೀಬಕ್ಕ ಯಾಕ ಅಡ್ಡ ಬರ್ತಿ?”

ಬೇಜಾರಾಯಿತು. ಆದರೆ ವಾದ ಮಾಡುತ್ತ ಕೂಡಲಿಲ್ಲ. ಶಾಲೆಯ ಆಫೀಸಿನ ನಂಬರ್ ಮತ್ತೆ ಹಚ್ಚಿ ಫೋನನ್ನು ಅವಳ ಕೈಗೆ ಕೊಟ್ಟೆ. “ನನ್ನ ಮಾತು ಬಿಡು, ನೀನ ಕೇಳು.”

ಅವಳು ಕೇಳಿದಳು. ಫೋನ್ ಇಟ್ಟ ಮೇಲೆ ಒಂದೇ ಮಾತು: “ನಮ್ಮ ಪಾಸ್‌ಪೋರ್ಟ್ ಅವನ ಕಡೆ ಅದಾವಲ್ಲ.”

ಶನಿವಾರ ಶಾಲೆ ಬಿಟ್ಟ ಕೂಡಲೇ ಇಬ್ಬರೂ ಹುಬ್ಬಳ್ಳಿ ಬಸ್ ಹತ್ತಿದೆವು.

ಏಜೆಂಟ್ ನಗುತ್ತ ಚಹಾ ತರಿಸಿದ. ಪಾಸ್‌ಪೋರ್ಟ್ ಎಂದ ಕೂಡಲೇ, “ಎಂಬಸಿಗೆ ಹೋಗ್ಯಾವ್ರಿ ಮೇಡಂ,” ಎಂದ. ಕಳಿಸಿದ ರಸೀದಿ ತೋರಿಸಿ ಎಂದೆ. ಹುಡುಕಬೇಕು ಎಂದ. ಹುಡುಕಿ ಎಂದೆ.

ಹೊರಗೆ ಕಾಯುತ್ತಿದ್ದವರಿಗೂ ಕೇಳಲಿ ಎಂದು ದನಿ ಎತ್ತಿಯೇ ಹೇಳಿದೆ. “ನಾವು ಆ ಶಾಲಿಗೆ ಫೋನ್ ಹಚ್ಚಿದ್ವಿ. ನೀವು ಯಾರಂತ ಅವರಿಗೆ ಗೊತ್ತ ಇಲ್ಲ.”

ಆಗ ವಿದ್ಯಾ ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಕೂತಳು. “ಪಾಸ್‌ಪೋರ್ಟ್ ಕೈಗೆ ಬರೂತನಕ ನಾವು ಏಳಂಗಿಲ್ಲ. ಇಲ್ಲಾಂದ್ರ ಪೊಲೀಸರನ್ನ ಇಲ್ಲಿಗೇ ಕರಸ್ತೇವಿ.”

ಅವನು ನಮ್ಮಿಬ್ಬರ ಮುಖ ನೋಡಿದ. ಮೇಜಿನ ಡ್ರಾಯರ್ ಎಳೆದ. ಎರಡೂ ಅಲ್ಲೇ ಇದ್ದವು.

ನಾವು ಹೊರಡುವಷ್ಟರಲ್ಲಿ ಹೊರಗೆ ಕೂತಿದ್ದ ಗುರುತಿಲ್ಲದ ಒಬ್ಬ ಹೆಣ್ಣುಮಗಳು ಒಳಗೆ ಬಂದು, “ನನ್ನದೂ ಕೊಡ್ರಿ,” ಎಂದಳು. ಅವಳದೂ ಸಿಕ್ಕ ಮೇಲೆ ಮೂವರೂ ಸೇರಿ ಅಲ್ಲಿಂದ ನೇರ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟೆವು. ವಿಚಾರಣೆ ನಡೆದಿದೆ. ಅವನ ಆಫೀಸಿಗೆ ಬೀಗ ಬಿದ್ದಿದೆ.

ವಿದ್ಯಾಳಿಗೆ ಹಳೆಯ ಕೆಲಸ ವಾಪಸ್ ಸಿಗಲಿಲ್ಲ. ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಾಗಿತ್ತು. ಈಗ ನವಲಗುಂದದಲ್ಲಿ ಮನೆಯಲ್ಲೇ ಟ್ಯೂಷನ್ ಹೇಳುತ್ತಾಳೆ. ಪೇಡೆ ತಿಂದವರು ಇನ್ನೂ ಯಾವಾಗ ಹೋಗ್ತಿ ಎಂದು ಕೇಳುತ್ತಾರಂತೆ. ಹೋಗೇ ಹೋಗ್ತೀನಿ ಎನ್ನುತ್ತಾಳೆ.

ನಾನೂ ಆಸೆ ಬಿಟ್ಟಿಲ್ಲ. ಏಜೆಂಟರು ನೋಂದಣಿ ಆದವರೇ ಎಂದು ಕೇಂದ್ರ ಸರ್ಕಾರದ ವೆಬ್‌ಸೈಟಿನಲ್ಲಿ ನೋಡಬಹುದು ಎನ್ನುವುದು ನನಗೆ ಇಷ್ಟೆಲ್ಲ ಆದಮೇಲೆ ಗೊತ್ತಾಯಿತು. ನೀವು ಮೊದಲೇ ನೋಡಿ.

ಮೊನ್ನೆ ಬೇರೊಂದು ದೇಶದ ಶಾಲೆಯವರು ಇಂಟರ್‌ವ್ಯೂ ಮಾಡಿದರು. ಪಾಠ ಮಾಡಿಸಿ ನೋಡಿದರು. ಅವರದು ಮುಗಿದ ಮೇಲೆ ನಾನು ಶುರು ಮಾಡಿದೆ... ಕೆಲಸದ ವೀಸಾ ಇಲ್ಲಿಂದಲೇ ಆಗುತ್ತದೆಯೇ, ಕರಾರಿಗೆ ಸಹಿ ಶಾಲೆಯದೋ ಏಜೆಂಟನದೋ, ಪಾಸ್‌ಪೋರ್ಟ್ ನನ್ನ ಹತ್ತಿರವೇ ಇರುತ್ತದೆಯೇ, ನಡುವೆ ಬಿಟ್ಟು ಬರಬೇಕಾದರೆ ಏನು ನಿಯಮ, ನಿಮ್ಮ ಟೀಚರುಗಳಲ್ಲಿ ನಾನು ಹೇಳಿದವರ ಜೊತೆ ಮಾತನಾಡಿಸುತ್ತೀರಾ.

ಅವರು ಸಿಟ್ಟಾಗಲಿಲ್ಲ. ಒಂದೊಂದಕ್ಕೂ ಉತ್ತರ ಕೊಟ್ಟರು. ಕೆಲಸ ಆಗುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ.

ಕೆಲಸ ಕೊಡುವವರನ್ನು ಪ್ರಶ್ನೆ ಕೇಳಿದರೆ ಕೆಲಸ ಕೈತಪ್ಪುತ್ತದೆ ಎಂದು ನಮಗೆಲ್ಲ ಕಲಿಸಿದವರು ಯಾರು?