ಅರ್ಧಕ್ಕೆ ನಿಂತ ಸಾಲುಗಳು

ಮೊದಲ ಸಲ ಅದನ್ನು ಕಣ್ಣಾರೆ ಕಂಡ ದಿನ ನಾನು ಮಗಳಿಗೆ ಹೊಡೆದೆ.

ಜೋರಾಪುರ ಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆ ಸಹನಾಳಿಗೆ ಉಕ್ತಲೇಖನ ಬರೆಸುತ್ತಿದ್ದೆ. ಅವಳಾಗ ಮೂರನೆಯ ತರಗತಿ. ಒಂದು ಸಾಲಿನ ನಡುವೆ ಪೆನ್ಸಿಲ್ ನಿಂತಿತು. ಕಣ್ಣು ಗೋಡೆಯ ಮೇಲೆ. "ಬರಿ" ಎಂದೆ. ಮತ್ತೊಮ್ಮೆ ಎಂದೆ. ಉತ್ತರವಿಲ್ಲ. ನಾನೂ ಶಿಕ್ಷಕಿ. ದಿನವೂ ಬಸ್ಸಿನಲ್ಲಿ ತಿಕೋಟಾಕ್ಕೆ ಹೋಗಿ, ತರಗತಿ ತುಂಬ ಮಕ್ಕಳೊಂದಿಗೆ ಗಂಟಲು ಹರಿದುಕೊಂಡು ಬರುವವಳು. ಮನೆಯಲ್ಲೂ ಇದೇ ಗೋಳೇ ಎಂದು ಸಿಟ್ಟು ನೆತ್ತಿಗೇರಿತು. ಕೆನ್ನೆಗೆ ಬಾರಿಸಿದೆ.

ಅವಳು ಅಳಲಿಲ್ಲ. ಕೆಲವು ಕ್ಷಣಗಳ ನಂತರ ರೆಪ್ಪೆ ಬಡಿದಳು. ಕೆನ್ನೆ ಮುಟ್ಟಿಕೊಂಡಳು.

"ಅವ್ವಾ, ಗಲ್ಲ ಯಾಕ ಉರಿಯಾಕತ್ತದ?"

"ನಾಟಕ ಮಾಡಬ್ಯಾಡ" ಎಂದೆ.

ಅವಳ ಆ ಪ್ರಶ್ನೆ ಮರುದಿನವೂ ನನ್ನನ್ನು ಬಿಡಲಿಲ್ಲ. ಅದೇ ದಿನ ನಮ್ಮ ಶಾಲೆಗೆ ಸುಮಂಗಲಾ ಅಕ್ಕೋರು ಬಂದಿದ್ದರು. ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ತಾಲ್ಲೂಕಿನ ಶಾಲೆಗಳನ್ನು ಸುತ್ತುವ ಸಂಪನ್ಮೂಲ ಶಿಕ್ಷಕಿ ಅವರು. ನನ್ನ ತರಗತಿಯ ರೇಣುಕಾಗೆ ಅಕ್ಷರ ಕೂಡಿಸಲು ಬರುತ್ತಿರಲಿಲ್ಲ. ಅವಳನ್ನು ಮುಂದೆ ಕೂಡಿಸಿ ದಿನಕ್ಕೆ ಹತ್ತು ನಿಮಿಷ ಬೇರೆಯಾಗಿ ಓದಿಸಿರಿ ಎಂದು ಅವರು ಬಂದಾಗಲೆಲ್ಲ ಹೇಳುತ್ತಿದ್ದರು. ನನ್ನ ಉತ್ತರವೂ ಪ್ರತಿಸಲ ಒಂದೇ: "ಇಷ್ಟ ಹುಡುಗುರಾಗ ಒಬ್ಬಾಕಿನ್ನ ಹಿಡಕೊಂಡ ಕುಂದ್ರಾಕ ಆಗ್ತದೇನ್ರಿ?"

ಮರಳುವಾಗ ಇಬ್ಬರೂ ಒಂದೇ ಬಸ್ಸು. ಮಗಳ ಹಟ ಹೆಚ್ಚಾಗಿದೆ ಎಂದು ಅವರ ಮುಂದೆ ದೂರಿಕೊಂಡೆ. ಗಲ್ಲ ಉರಿದ ಮಾತನ್ನೂ ಹೇಳಿದೆ. ಅವರು ಸೀಟಿನಲ್ಲಿ ನನ್ನತ್ತ ತಿರುಗಿ ಕುಳಿತರು.

"ಎಷ್ಟೊತ್ತ ಹಂಗ ನೋಡ್ತಾಳ್ರಿ?"

"ಹತ್ತು ಹದಿನೈದು ಸೆಕೆಂಡ್ ಇರಬೇಕ್ರಿ."

"ಆಗ ನೀವು ಮಾತಾಡಿದ್ದು ಆಮ್ಯಾಲ ನೆನಪಿರ್ತದೇನು?"

ನನಗೆ ಗೊತ್ತಿರಲಿಲ್ಲ.

"ಡಾಕ್ಟರಿಗೆ ತೋರಸ್ರಿ. ತಡಾ ಮಾಡಬ್ಯಾಡ್ರಿ" ಎಂದರು.

ನನ್ನ ಗಂಡನ ಕೆಲಸ ಬಬಲೇಶ್ವರದ ಸರ್ಕಾರಿ ಕಚೇರಿಯಲ್ಲಿ. ಅವರು ರಜೆ ಹಾಕಿದರು. ಸ್ಟೇಷನ್ ರಸ್ತೆಯ ಮಕ್ಕಳ ಡಾಕ್ಟರ್ ಎಲ್ಲವನ್ನೂ ಕೇಳಿಸಿಕೊಂಡು, ಕಾಗದದ ಒಂದು ಪಟ್ಟಿ ಹರಿದು ಸಹನಾಳ ಬಾಯಿಯ ಮುಂದೆ ಹಿಡಿದರು. "ಇದು ಹಾರಾಡ್ಕೋತ ಇರಬೇಕು. ಜೋರಾಗಿ ಊದವಾ, ನಾ ಸಾಕು ಅನ್ನೂತನಕ." ಅವಳು ಊದಿದಳು. ಆಟವೆಂದುಕೊಂಡು ನಗುತ್ತಲೇ ಊದಿದಳು. ಎರಡು ನಿಮಿಷ ಆಗಿರಬಹುದು.

ಕಾಗದ ನಿಂತಿತು.

ಬಾಯಿ ಸ್ವಲ್ಪ ತೆರೆದೇ ಇತ್ತು. ಕಣ್ಣಲ್ಲಿ ಅವಳಿರಲಿಲ್ಲ. ಡಾಕ್ಟರ್ ಹೆಸರು ಹಿಡಿದು ಕರೆದರು, ಚಪ್ಪಾಳೆ ತಟ್ಟಿದರು. ಆಮೇಲೆ ಏನೂ ಆಗಿಲ್ಲವೆಂಬಂತೆ ಅವಳು ಮತ್ತೆ ಊದತೊಡಗಿದಳು.

"ಹಿಂಗ ಜೋರಾಗಿ ಊದಿಸಿದ್ರ ಅದು ಬರ್ತದ. ಇದು ಅಬ್ಸೆನ್ಸ್ ಸೀಜರ್. ಎಪಿಲೆಪ್ಸಿ, ಅಂದ್ರ ಮೂರ್ಛಿ ಬ್ಯಾನಿಯ ಒಂದು ತರಹ. ಇಇಜಿ ಅಂತ ಮೆದುಳಿನ ಪರೀಕ್ಷಾ ಮಾಡಿ ಖಾತ್ರಿ ಮಾಡ್ಕೊಳ್ಳೋಣು. ಆ ಹೊತ್ತಿನ್ಯಾಗ ಆಕಿಗೆ ಏನೂ ಗೊತ್ತಾಗೂದಿಲ್ಲರಿ. ಬೈದ್ರೂ ಕೇಳ್ಸೂದಿಲ್ಲ."

"ಹೊಡದ್ರ?" ಎಂದೆ.

ಅವರು ಬರೆಯುವುದನ್ನು ನಿಲ್ಲಿಸಿದರು. "ಇನ್ನ ಮ್ಯಾಲ ಹೊಡೀಬ್ಯಾಡ್ರಿ" ಎಂದಷ್ಟೇ ಹೇಳಿದರು.

ಇಇಜಿಯೂ ಅದನ್ನೇ ಹೇಳಿತು. ಅಂದು ಮನೆಗೆ ಬಂದು ಅವಳ ನೋಟ್‌ಬುಕ್ಕುಗಳನ್ನೆಲ್ಲ ತೆರೆದು ಕುಳಿತೆ. ಅರ್ಧಕ್ಕೆ ನಿಂತ ಸಾಲುಗಳು, ನಡುವೆ ಬಿಟ್ಟುಹೋದ ಪದಗಳು. ಅವುಗಳ ಕೆಳಗೆ ಕೆಂಪು ಶಾಯಿಯಲ್ಲಿ 'ಗಮನವಿಲ್ಲ', ಮತ್ತೆ 'ಗಮನವಿಲ್ಲ'. ನಾನೂ ಇಂಥದೇ ಷರಾ ಎಷ್ಟು ಮಕ್ಕಳಿಗೆ ಬರೆದಿದ್ದೇನೋ! ಮಗಳನ್ನು ಹತ್ತಿರ ಕರೆದು, ಹೊಡೆದದ್ದು ನನ್ನ ತಪ್ಪು ಎಂದೆ. "ಇರ್ಲಿ ಬಿಡವ್ವಾ" ಎಂದು ಆಡಲು ಹೋದಳು. ಅಷ್ಟು ಸುಲಭವಾಗಿ ಕ್ಷಮಿಸುವವರ ಮೇಲೆಯೇ ನಮ್ಮ ಕೈ ಏಳುತ್ತದೆ.

ಅತ್ತೆ ಆ ರಾತ್ರಿ ಊಟ ಮಾಡಲಿಲ್ಲ. "ಹೆಣ್ಣ ಹುಡುಗಿ. ಮೂರ್ಛಿ ಬ್ಯಾನಿ ಅಂತ ಸಾಲ್ಯಾಗ ಹೇಳಬ್ಯಾಡ ಬೇ. ನಾಳೆ ಊರೆಲ್ಲಾ ಆಡ್ಕೋತದ" ಎಂದರು. ಅವರಿಗೆ ಮೊಮ್ಮಗಳ ಮೇಲೆ ಜೀವ. ಆ ಭಯ ಪ್ರೀತಿಯಿಂದಲೇ ಬಂದದ್ದು. ನಾವೂ ಸುಮ್ಮನಾದೆವು. ಹೇಳಬಾರದು ಎಂದು ತೀರ್ಮಾನಿಸಿದೆವು ಅಂತಲ್ಲ. ಹೇಳುವುದನ್ನು ದಿನದಿನವೂ ಮುಂದೆ ಹಾಕಿದೆವು.

ಸಿರಪ್ ಶುರುವಾಯಿತು. ಮೊದಲ ವಾರಗಳಲ್ಲಿ ಅವಳಿಗೆ ಬರೀ ಮಂಪರು. ತರಗತಿಯಲ್ಲಿ ನಿದ್ದೆ ಮಾಡುತ್ತಾಳೆ ಎಂದು ಡೈರಿಯಲ್ಲಿ ದೂರು ಬಂತು. ಅವಳನ್ನು ಹಿಂದಿನ ಬೆಂಚಿಗೆ ಕಳಿಸಿದರು. ಒಂದು ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತ ಕೇಳಿದಳು: "ಅವ್ವಾ, ನಾ ದಡ್ಡಿ ಏನು?"

ಬಾಗಿಲಲ್ಲಿದ್ದ ಗಂಡನಿಗೂ ಅದು ಕೇಳಿಸಿತ್ತು. ಅವರು ತಾಯಿಯ ಹತ್ತಿರ ಹೋಗಿ ಹೇಳಿದರು: "ಯವ್ವಾ, ನಾವು ಮುಚ್ಚಿಟ್ಟಷ್ಟೂ ಪೆಟ್ಟು ಆಕಿಗೇ ಬೀಳಾಕತ್ತದ. ಇವತ್ತ ಹೇಳಿ ಬರ್ತೀವಿ." ಅತ್ತೆ ಬೇಡ ಅನ್ನಲಿಲ್ಲ.

ಕರೆದದ್ದಕ್ಕೆ ಸುಮಂಗಲಾ ಅಕ್ಕೋರೂ ಸಹನಾಳ ಶಾಲೆಗೆ ನಮ್ಮ ಜೊತೆ ಬಂದರು. ಸಹನಾಳ ಟೀಚರ್ ಡಾಕ್ಟರರ ಚೀಟಿ ಓದಿದರು. ಅವರು ಕೆಟ್ಟವರಲ್ಲ, ದಣಿದವರು. "ನಂಗ ತಿಳೀತದ್ರಿ. ಆದ್ರ ಇಷ್ಟ ಹುಡುಗುರಾಗ ಒಬ್ಬಾಕಿನ್ನ ಹಿಡಕೊಂಡ ಕುಂದ್ರಾಕ ಆಗ್ತದೇನ್ರಿ?"

ಅಕ್ಷರಶಃ ನನ್ನದೇ ಮಾತು.

ಸುಮಂಗಲಾ ಅಕ್ಕೋರು ನನ್ನ ಮುಖ ನೋಡಲಿಲ್ಲ. ಆ ಉಪಕಾರವನ್ನು ನಾನು ಮರೆಯಲಾರೆ. "ಹಿಡಕೊಂಡ ಕುಂದ್ರೂದು ಬ್ಯಾಡ್ರೀ ಟೀಚರ್" ಎಂದು ಮೆಲ್ಲಗೆ ಶುರುಮಾಡಿದರು. ಮುಂದಿನ ಬೆಂಚು. ಪ್ರಶ್ನೆಯನ್ನು ಬಾಯಲ್ಲಿ ಹೇಳುವುದರ ಜೊತೆಗೆ ಬೋರ್ಡಿನ ಮೇಲೂ ಬರೆಯುವುದು. ಪಾಠ ಎಲ್ಲಿಗೆ ಬಂದಿದೆ ಎಂದು ಬೆರಳಿಟ್ಟು ತೋರಿಸಲು ಪಕ್ಕದಲ್ಲೊಬ್ಬ ಗೆಳತಿ. ಟೆಸ್ಟಿನಲ್ಲಿ ಸ್ವಲ್ಪ ಹೆಚ್ಚು ಸಮಯ. ಅವಳು ನಿಂತಾಗ ಬೈಯದೆ, ಅಲುಗಾಡಿಸದೆ ಕಾಯುವುದು. ಡಾಕ್ಟರಿಗೆ ತೋರಿಸಲು, ಹಾಗಾದಾಗಲೆಲ್ಲ ಡೈರಿಯಲ್ಲಿ ಒಂದೊಂದು ಗುರುತು.

ಎಲ್ಲ ಕೂಡಲೇ ನಡೆಯಲಿಲ್ಲ. ಬೋರ್ಡಿನ ಮೇಲೆ ಬರೆಯುವುದನ್ನು ಟೀಚರ್ ಎಷ್ಟೋ ಸಲ ಮರೆತರು. ಕೆಲವು ಮಕ್ಕಳು ಕಣ್ಣು ನೆಟ್ಟು, ಬಾಯಿ ತೆರೆದು ಅವಳನ್ನು ಅಣಕಿಸಿದರು. ಸುಮಂಗಲಾ ಅಕ್ಕೋರು ಮತ್ತೊಮ್ಮೆ ಹೋಗಿ ಮಕ್ಕಳಿಗೇ ತಿಳಿಹೇಳಿ ಬಂದರು. ಡಾಕ್ಟರ್ ಔಷಧಿಯ ಪ್ರಮಾಣ ಬದಲಿಸಿದರು; ಮಂಪರು ಇಳಿಯಿತು. ದಿನಕ್ಕೆ ಇಪ್ಪತ್ತರಷ್ಟಿದ್ದ ಗುರುತುಗಳು ಆರಕ್ಕೆ, ಆಮೇಲೆ ಎರಡಕ್ಕೆ ಬಂದವು. ಅತ್ತ ತಿಕೋಟಾದಲ್ಲಿ ನಾನು ರೇಣುಕಾಳನ್ನು ಮುಂದಿನ ಬೆಂಚಿಗೆ ಕರೆದೆ. ಅದಕ್ಕೆ ಬೇಕಾದದ್ದು ನಿಜಕ್ಕೂ ಹತ್ತೇ ನಿಮಿಷ.

ಈಗ ಸಹನಾ ನಾಲ್ಕನೆಯ ತರಗತಿ. ಸೀಜರ್ ಪೂರ್ತಿ ನಿಂತಿಲ್ಲ. ಎರಡು ವರ್ಷ ಒಂದೂ ಬರದಿದ್ದರೆ ಔಷಧಿ ಇಳಿಸುವ ವಿಚಾರ ಮಾಡೋಣ ಎಂದಿದ್ದಾರೆ ಡಾಕ್ಟರ್. ಆ ಎರಡು ವರ್ಷದ ಎಣಿಕೆ ಇನ್ನೂ ಶುರುವಾಗಿಲ್ಲ. ಅದಕ್ಕಾಗಿ ಆತುರಪಡುವುದನ್ನು ಬಿಟ್ಟಿದ್ದೇನೆ.

ಕಳೆದ ವಾರ ಟೀಚರ್ ಫೋನ್ ಮಾಡಿದ್ದರು. ಸಹನಾ ಪದ್ಯ ಓದುವಾಗ ನಡುವೆ ನಿಂತಳಂತೆ. "ನಾ ಏನೂ ಹೇಳ್ಳಿಲ್ಲರಿ. ಇಡೀ ಕ್ಲಾಸ್ ತಾನ ಸುಮ್ನ ಕುಂತಿತ್ತು. ಬಾಜೂದ ಹುಡುಗಿ ಸಾಲಿನ ಮ್ಯಾಲ ಬೆರಳ ಇಟ್ಕೊಂಡ ಕಾಯ್ತು. ಆಮ್ಯಾಲ ಅಲ್ಲಿಂದನ ಮುಂದಕ್ಕ ಓದಿದಳ್ರಿ."

ಅಂದು ಸಂಜೆ ಮಗಳು ಚಪ್ಪಲಿ ಬಿಡುವ ಮೊದಲೇ ಕೂಗಿದಳು: "ಅವ್ವಾ, ಇವತ್ತ ಎಲ್ಲಾರ ಮುಂದ ಪೂರಾ ಪದ್ಯ ಓದಿದ್ನಿ! ಎಲ್ಲೂ ನಿಲ್ಲಲಿಲ್ಲ!"

"ಹೌದಾ?" ಎಂದೆ. "ಹಂಗಾರ ನಂಗೂ ಓದಿ ತೋರಸು."