ಎಪ್ಪತ್ತೆರಡು ಕಿಲೋ ಇಳಿಸಬೇಕು

ಜಿಮ್ಮಿನ ಹುಡುಗ ಟೈಲರಕ್ಕನನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

"ಎಷ್ಟು ಇಳಿಸಬೇಕು ಆಂಟಿ?"

"ಎಪ್ಪತ್ತೆರಡು ಕಿಲೋ."

"ನೀವಿರೋದೇ ಐವತ್ತಲ್ವಾ? ಉಳಿದ ಇಪ್ಪತ್ತೆರಡು ಯಾರ ಹತ್ರ ಸಾಲ ತರ್ತೀರ?"

ಟೈಲರಕ್ಕನಿಗೆ ನಗು ಬರಲಿಲ್ಲ. ಬೆಳಿಗ್ಗೆಯಿಂದ ಕಂಡವರ ಪ್ಯಾಂಟುಗಳ ಸೊಂಟ ಬಿಚ್ಚಿ ಹೊಲಿದು ಕತ್ತು ಕಲ್ಲಾಗಿತ್ತು.

"ನನ್ನ ತೂಕ ಅಲ್ಲಪ್ಪ, ನಮ್ಮ ಮನೆಯವರದು. ಅವರನ್ನ ಮಂಚದಿಂದ ಕುರ್ಚಿಗೆ ಇಳಿಸಬೇಕು, ಆಮೇಲೆ ವಾಪಸ್ ಹತ್ತಿಸಬೇಕು. ಅದಕ್ಕೆ ನನಗೆ ಬಲ ಬರಬೇಕು."

ಹುಡುಗ ಗೋಡೆಯ ಕಡೆ ನೋಡಿದ. ಹೊಟ್ಟೆಯಿದ್ದವರ ಚಿತ್ರ, ಪಕ್ಕದಲ್ಲಿ ಹೊಟ್ಟೆ ಕರಗಿದ ಮೇಲಿನ ಚಿತ್ರ. ಅವಳಿಗೆ ಬೇಕಾದದ್ದು ಅಲ್ಲಿರಲಿಲ್ಲ.

ಮರದ ಮಿಲ್ಲಿನಲ್ಲಿ ಗರಗಸ ನಡೆಸುತ್ತಿದ್ದ ಗಂಡನಿಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಹೋದ ತಿಂಗಳು ಅವನು ಅವಳ ಕೈಜಾರಿ ನೆಲಕ್ಕೆ ಬಿದ್ದ. ಹಣೆಗೆ ಹೊಲಿಗೆ ಬಿತ್ತು. ಅಂದೇ ಮಗಳು ಖಡಾಖಂಡಿತವಾಗಿ ಹೇಳಿದ್ದಳು: "ಇನ್ನೊಂದು ಸಲ ಬಿದ್ರೆ ಅಪ್ಪನ್ನ ಆರೈಕೆ ಕೇಂದ್ರಕ್ಕೆ ಸೇರಿಸ್ತೀನಿ. ಇಬ್ಬರನ್ನೂ ಕಳ್ಕೊಳ್ಳೋಕೆ ನಂಗಾಗಲ್ಲ."

ಎರಡನೆಯ ಟ್ರೈನರ್ ಫೋನಿನಲ್ಲೇ ಕಲಿಸುವವನು. ದಿನಾ ತಟ್ಟೆಯ ಫೋಟೋ ಕಳಿಸಿ ಎಂದ. ಬಡಿಸಿಕೊಂಡು ಕೂರಲೇ ಪುರುಸೊತ್ತಿಲ್ಲದವಳು ಯಾವ ತಟ್ಟೆಯ ಫೋಟೋ ತೆಗೆದಾಳು!

ಮೂರನೆಯವಳು ಸಿಕ್ಕಿದ್ದು ಅಳತೆ ಟೇಪಿನಲ್ಲಿ. ಟ್ರ್ಯಾಕ್ ಪ್ಯಾಂಟಿನ ತೊಡೆ ಸಡಿಲ ಮಾಡಿಸಲು ಅಂಗಡಿಗೆ ಬಂದಿದ್ದಳು. ಟೈಲರಕ್ಕ ಟೇಪು ಸುತ್ತಿದಳು, ಅನುಮಾನ ಬಂದು ಮತ್ತೆ ಸುತ್ತಿದಳು. ಸೊಂಟ ಸಣ್ಣ, ತೊಡೆ ಮಾತ್ರ ಕಂಬ. ಇಷ್ಟು ವರ್ಷದಲ್ಲಿ ಅಂಥ ಅಳತೆ ಅವಳ ಕೈಗೆ ಬಂದಿರಲಿಲ್ಲ.

"ಏನಮ್ಮಾ ಎತ್ತುತ್ತೀಯ ನೀನು?"

"ಕಬ್ಬಿಣ, ಅಕ್ಕ. ಬೇರೆಯವರಿಗೂ ಎತ್ತೋದು ಕಲಿಸ್ತೀನಿ."

"ಗಂಡನ್ನ ಎತ್ತೋದು ಕಲಿಸ್ತೀಯಾ?"

ಹುಡುಗಿ ನಕ್ಕಳು. ಎದುರಿನವಳ ಮುಖ ನೋಡಿ ನಗು ನಿಲ್ಲಿಸಿದಳು. ಸಂಜೆ ಮನೆಗೇ ಬಂದಳು.

"ಈಗ ಹೇಗೆ ಎತ್ತುತ್ತೀರೋ ತೋರಿಸಿ."

ಟೈಲರಕ್ಕ ಬಾಗಿ, ಗಂಡನ ಕಂಕುಳಿಗೆ ಕೈ ಕೊಟ್ಟು, ಉಸಿರು ಬಿಗಿಹಿಡಿದು ಎಳೆದಳು.

"ಸಾಕು, ಬಿಡಿ! ಭಾರ ಮೈಯಿಂದ ದೂರ ಇದ್ದಷ್ಟೂ ಬೆನ್ನು ಮುರಿಯುತ್ತೆ. ಮಂಡಿ ಬಗ್ಗಿಸಿ, ಹತ್ತಿರ ಬನ್ನಿ. ಇನ್ನೊಂದು ವಿಷಯ, ಮೂಟೆ ಎತ್ತಿದ ಹಾಗೆ ಎತ್ತುತ್ತಿದ್ದೀರ. ಮೂಟೆಗೆ ಕಾಲಿರಲ್ಲ. ಅಂಕಲ್‌ಗೆ ಒಂದು ಗಟ್ಟಿಯಾಗೇ ಇದೆ. ಮೊದಲು ಕಲಿಯಬೇಕಾದೋರು ಅವರು."

ಗಂಡ ಗೋಡೆಯ ಕಡೆ ಮುಖ ತಿರುಗಿಸಿದ. ನಾಲಿಗೆ ತೊಡರಿದರೂ ಮಾತಿನ ಅರ್ಥ ಸ್ಪಷ್ಟವಾಗಿತ್ತು. "ಈ ವಯಸ್ಸಲ್ಲಿ ನಂಗೆ ಕಸರತ್ತು ಬೇಡ. ಕಳಿಸೋ ಹಾಗಿದ್ರೆ ಕಳಿಸಿಬಿಡಿ."

ಟೈಲರಕ್ಕ ಮಂಚದ ಅಂಚಿನಲ್ಲಿ ಕುಸಿದು ಕೂತಳು. ಕೂಗಾಡಲೂ ತ್ರಾಣವಿರಲಿಲ್ಲ.

"ನೀವು ಹೋದ್ರೆ ನಂಗೆ ನಿದ್ದೆ ಬರುತ್ತೆ ರೀ. ಸುಳ್ಳು ಯಾಕೆ ಹೇಳ್ಲಿ? ಬೆನ್ನೂ ಸರಿಹೋಗುತ್ತೆ. ಆದ್ರೂ ನೀವು ಹೋಗೋದು ಬೇಡ ಅಂತ, ಸಿಕ್ಕಸಿಕ್ಕವರ ಹತ್ರ ನಗೆಪಾಟಲಾಗಿ ಈ ಹುಡುಗೀನ ಕರ್ಕೊಂಡು ಬಂದೆ. ಒಂದು ಕಾಲು ಕೊಡಿ. ಉಳಿದಿದ್ದು ನಾನು ನೋಡ್ಕೋತೀನಿ."

ಆಮೇಲೆ ಹೊದಿಕೆಯೊಳಗಿಂದ ಎಡಗಾಲು ಹೊರಬಂತು. ಹುಡುಗಿ ನೆಲದ ಮೇಲೆ ಕೂತು, ಅದರ ಹಿಮ್ಮಡಿಯನ್ನು ಊರಬೇಕಾದ ಜಾಗಕ್ಕೆ ಸರಿಸಿದಳು.

ಕಲಿಯುವುದು ನಿಧಾನವಾಯಿತು. ಒಬ್ಬರು ಏಳುವಾಗ ಇನ್ನೊಬ್ಬರು ಕೂರುತ್ತಿದ್ದರು. "ಜಗಳ ಆಡೋವಾಗ ಇಬ್ಬರೂ ಒಟ್ಟಿಗೇ ಶುರು ಮಾಡ್ತೀರಲ್ಲ, ಹಾಗೇ ಏಳಿ" ಎಂದು ಹುಡುಗಿ ರೇಗಿಸುತ್ತಿದ್ದಳು.

ಮಗಳು ಆರೈಕೆ ಕೇಂದ್ರದ ವಿಷಯ ಇತ್ಯರ್ಥ ಮಾಡಲೆಂದೇ ಬಂದ ದಿನ, ಬಾಗಿಲಲ್ಲೇ ನಿಂತು ನೋಡಿದಳು. ಅಮ್ಮ ಮಂಡಿ ಬಗ್ಗಿಸಿದಳು, ಅಪ್ಪ ಎಡಗಾಲು ಊರಿದ. ತೊಡೆ ಗಡಗಡ ನಡುಗಿತು. ಇಬ್ಬರೂ ಅಂಟಿಕೊಂಡಂತೆ ಎದ್ದು, ಅರ್ಧ ತಿರುಗಿದರು. ಅಪ್ಪ ಮೆಲ್ಲಗೆ ಕುರ್ಚಿಯಲ್ಲಿ ಕೂತ.

ಮಗಳು ಕೈಚೀಲವನ್ನು ಕೆಳಗಿಟ್ಟಳು. "ಇರ್ಲಿ ಬಿಡಮ್ಮ. ಅಪ್ಪ ಇಲ್ಲೇ ಇರ್ಲಿ."

ಅಷ್ಟರಲ್ಲಿ ಅಪ್ಪ ಎದ್ದ ಮಂಚದ ಮೇಲೇ ಅಮ್ಮ ಒರಗಿ ನಿದ್ದೆ ಹೋಗಿದ್ದಳು.

"ಎಬ್ಬಿಸ್ಬೇಡ" ಎಂದ ಅಪ್ಪ, ಕುರ್ಚಿಯಿಂದ. "ನಂಗೇನೂ ಅರ್ಜೆಂಟಿಲ್ಲ."