ಬೊಂಗ್‌ನಿಮ್‌ಳ ಲಾರಿಗೆ ಕೂರದ ಟೆನ್ಷನರ್

ಉಪ್ಪುನೀರಲ್ಲಿ ನೆನೆದ ಎಲೆಕೋಸು ಯಾರಿಗೂ ಕಾಯುವುದಿಲ್ಲ. ತೊಳೆದು, ನೀರು ಬಸಿದು, ಪೆಟ್ಟಿಗೆಗೆ ತುಂಬಿದ ಮೇಲೆ ಅಂದೇ ಗಿರಾಕಿಯ ಮನೆ ಸೇರಬೇಕು. ಇಲ್ಲದಿದ್ದರೆ ಮೆತ್ತಗಾಗಿ ಕೆಡುತ್ತದೆ. ಆವತ್ತು ಕೊರಿಯಾದ ಮೊಕ್ಪೊ ನಗರದಲ್ಲಿ ಗಿರಾಕಿ ಮನೆಗಳ ಅತ್ತೆ, ಸೊಸೆ, ನಾದಿನಿಯರೆಲ್ಲ ಚಳಿಗಾಲಕ್ಕೆ ಹಾಕಿಡುವ ಕಿಮ್ಚಿ ಉಪ್ಪಿನಕಾಯಿಗೆ ಮಸಾಲೆ ಕಲಸಿಟ್ಟುಕೊಂಡು, ಕೋಸು ತರುವ ಬೊಂಗ್‌ನಿಮ್‌ಳ ದಾರಿ ನೋಡುತ್ತಿದ್ದರು. ಅವಳು ಹೇನಾಮ್ ಪೇಟೆಯ ಗ್ಯಾರೇಜಿನಲ್ಲಿ ನಿಂತಿದ್ದಳು. ಬೆಲ್ಟನ್ನು ಬಿಗಿಹಿಡಿಯುವ ಟೆನ್ಷನರ್ ಮುರಿದು, ಬೆಲ್ಟ್ ಕಳಚಿ, ಇಂಜಿನ್ ಕಾದು, ದಾರಿಯಲ್ಲೇ ಕೂತ ಲಾರಿಯನ್ನು ಅಲ್ಲಿಗೆ ಎಳೆಸಿ ತಂದಿದ್ದಳು.

ಗಂಡ ಚಾಂಗ್‌ಸಿಕ್ ತೀರಿಹೋಗಿ ಒಂದು ಮಳೆಗಾಲ ಕಳೆದಿತ್ತು. ಅವನಿದ್ದಾಗ ಲಾರಿ ಅವನದು, ಕೋಸು ಇವಳದು. ಈಗ ಎರಡೂ ಇವಳ ತಲೆಮೇಲೆ.

ಮೆಕ್ಯಾನಿಕ್ ಯೂನ್ ಲಾರಿಯ ಚಾಸಿ ನಂಬರ್ ಹೇಳಿ ಅಂಗಡಿಯಿಂದ ಟೆನ್ಷನರ್ ತರಿಸಿದ. ಬೋಲ್ಟಿನ ತೂತು ಕೂಡಲಿಲ್ಲ. ಇನ್ನೊಂದು ತರಿಸಿದ. ತೂತು ಕೂಡಿತು, ಆದರೆ ಬೆಲ್ಟ್ ಓಡುವ ರಾಟೆ ಒಂದು ಬೆರಳಷ್ಟು ಹೊರಗೆ ನಿಂತಿತು.

"ಕಂಪನಿದೇ ಮಾಲು ಅಮ್ಮಾ."

"ಕಂಪನಿದಾದ್ರೆ ಕೂರ್ಬೇಕಲ್ಲಪ್ಪ. ಮೂರನೇದು ತರಿಸ್ತೀಯ? ಊರಲ್ಲಿರೋದನ್ನೆಲ್ಲ ತರಿಸು, ಹಬ್ಬ ಮಾಡೋಣ."

ಯೂನ್ ಟಾರ್ಚ್ ಹಿಡಿದು ಒಳಗೆ ಬಗ್ಗಿದ. ಬಟ್ಟೆಯಿಂದ ಇಂಜಿನ್ನಿನ ಪಕ್ಕ ಒರೆಸಿ ನೋಡಿದ. "ಈ ಇಂಜಿನ್ ಈ ಲಾರೀದಲ್ಲ. ಯಾವಾಗ ಬದಲಾಯಿಸಿದ್ರು?"

ಅವಳಿಗೆ ಗೊತ್ತಿರಲಿಲ್ಲ. ಆದರೆ ಗೊತ್ತಿರುವವನು ಯಾರೆಂದು ಗೊತ್ತಿತ್ತು. ಮುರಿದ ಟೆನ್ಷನರನ್ನು ಚೀಲಕ್ಕೆ ಹಾಕಿಕೊಂಡು ಗುಜರಿ ಅಂಗಡಿಯ ಗು ಎಂಬವನ ಹತ್ತಿರ ಹೋದಳು. ಅವನು ಚಾಂಗ್‌ಸಿಕ್‌ನ ಕುಡಿಯುವ ಜೊತೆಗಾರ.

ಗು ತಲೆ ಕೆರೆದುಕೊಂಡ. "ಅಣ್ಣ ನೀರು ನೋಡ್ದೆ ಓಡ್ಸಿ ಇಂಜಿನ್ ಸುಟ್ಕೊಂಡಿದ್ದ ಅತ್ತಿಗೆ. ಮೀನಿನ ಗಾಡಿ ಇಂಜಿನ್ ಇತ್ತು, ಕೂರಿಸ್ಕೊಟ್ಟೆ. ಮೀನು ತಣ್ಣಗಿಡೋ ಮಿಷನ್ನಿಗೂ ಆ ಇಂಜಿನ್ನಿಂದ್ಲೇ ಬೆಲ್ಟ್ ಹೋಗ್ತಿತ್ತು, ಅದಕ್ಕೇ ಅದರ ಟೆನ್ಷನರ್ ಬೇರೆ ಥರ. ನಿಮಗೆ ಹೇಳ್ಬೇಡ ಅಂದ."

"ಯಾಕಂತೆ?"

"ಬೈತೀರ ಅಂತ."

"ಬೈದಿದ್ರೆ ಊಟದ ಹೊತ್ತಿಗೆ ಮುಗೀತಿತ್ತು. ಈಗ ಯಾರಿಗೆ ಬೈಲಿ? ನಿನಗೇ ಬೈತೀನಿ, ನಿಂತ್ಕೋ."

ಗು ನಿಂತುಕೊಂಡ. ಬೈಸಿಕೊಂಡ. ಆಮೇಲೆ ಹೋಗಿ ಎರಡು ಹಳೆ ಟೆನ್ಷನರ್ ತಂದಿಟ್ಟ. ಒಂದು ಫಳಫಳ ಹೊಳೆಯುತ್ತಿತ್ತು, ಇನ್ನೊಂದಕ್ಕೆ ತುಕ್ಕು ಹಿಡಿದಿತ್ತು.

"ಹೊಳೆಯೋದು ತಗೊಳ್ಳಿ ಅತ್ತಿಗೆ."

ಬೊಂಗ್‌ನಿಮ್ ತನ್ನ ಮುರಿದದ್ದನ್ನು ಪಕ್ಕದಲ್ಲಿಟ್ಟಳು. ತೂತಿಗೆ ತೂತು, ತೋಳಿಗೆ ತೋಳು ಹಿಡಿದು ನೋಡಿದಳು. ಎರಡೂ ಸರಿಯಿದ್ದವು. ಹೊಳೆಯುವುದರ ರಾಟೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಿರುಗಿಸಿದಳು. ಒಳಗೆ ಮರಳು ಕಡಿದ ಹಾಗೆ ಸದ್ದು. ವಾರದಿಂದ ಲಾರಿಯಲ್ಲಿ ಅವಳು ಕೇಳಿಯೂ ಕೇಳದ ಹಾಗೆ ಬಿಟ್ಟಿದ್ದ ಸದ್ದು ಅದೇ. ತುಕ್ಕಿನದು ಸದ್ದಿಲ್ಲದೆ ತಿರುಗಿತು.

"ಇದನ್ನ ಕೊಡು."

"ನೋಡೋಕೆ ಚೆನ್ನಾಗಿಲ್ಲ."

"ನಿಮ್ಮಣ್ಣನೂ ಚೆನ್ನಾಗಿರ್ಲಿಲ್ಲ."

ಗ್ಯಾರೇಜಿನಲ್ಲಿ ಯೂನ್ ಅದನ್ನು ಕೂರಿಸಿದ. ಬೆಲ್ಟ್ ನೆಟ್ಟಗೆ ಓಡಿತು. ಮೊಕ್ಪೊ ಮುಟ್ಟುವಾಗ ದೀಪಗಳು ಹತ್ತಿದ್ದವು. ಅಪಾರ್ಟ್‌ಮೆಂಟಿನ ಮೆಟ್ಟಿಲ ಬಳಿ ಗಿರಾಕಿ ಮನೆಯ ಅತ್ತೆಯೊಬ್ಬಳು ಕೋಸಿನ ಒಂದು ಎಸಳು ಕಿತ್ತು ಬಾಯಿಗಿಟ್ಟಳು.

"ಮೆತ್ತಗಾಗಿದೆ. ಉಪ್ಪೂ ಜಾಸ್ತಿ ಹಿಡಿದಿದೆ. ಸೊಸೆಯರು ಕಾದು ಕಾದು ಸಾಕಾಗಿ ಒಬ್ಬಳು ಎದ್ದುಹೋದ್ಲು."

"ಲಾರಿ ಕೆಟ್ಟಿತ್ತು. ಇನ್ನೊಂದು ನೀರಲ್ಲಿ ತೊಳೀರಿ, ಉಪ್ಪು ಇಳಿಯುತ್ತೆ."

"ಮನೆಯವರು ಲಾರಿ ನೋಡ್ಕೊಳ್ಳಲ್ವ?"

"ಇಲ್ಲ," ಎಂದಳು ಬೊಂಗ್‌ನಿಮ್. "ನಾನೇ ನೋಡ್ಕೊಳ್ಳೋದು." ಮುಂದಿನ ಪೆಟ್ಟಿಗೆ ಎತ್ತಿಕೊಂಡಳು.